ಮಾತ್ರೆ ನುಂಗಿದರೆ ವಿಶ್ವಾಸ ಕುಂದುವುದೇ?



ನಿಮ್ಮ ಮನೆಯ ಅಜ್ಜ ಊಟಕ್ಕೆ ಮುಂಚೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾರೆ. ಆಗ ಯಾರಾದರೂ, "ಏನಜ್ಜಾ, ದೇವರ ಮೇಲೆ ನಂಬಿಕೆ ಇಲ್ಲವೇ?" ಎಂದು ಕೇಳುತ್ತಾರೆಯೇ? ಇಲ್ಲ. ಮಾತ್ರೆ ಮರೆತರೆ ಮೊಮ್ಮಕ್ಕಳೇ ಓಡಿ ಹೋಗಿ ತಂದು ಕೊಡುತ್ತಾರೆ. ಅದೇ ಮನೆಯ ಸೊಸೆ ಹೆರಿಗೆಯಾದ ಮೇಲೆ ಮಂಕಾಗಿ, ಹಸುಗೂಸನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದೆ, ಗೋಡೆ ನೋಡುತ್ತಾ ಕೂತಿದ್ದಾಳೆ ಎನ್ನಿ. ವೈದ್ಯರು ಆಕೆಗೂ ಒಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಆ ಮಾತ್ರೆ ಮಾತ್ರ ಅಕ್ಕಿ ಡಬ್ಬದ ಹಿಂದೆ ಅಡಗಿ ಕೂತಿರುತ್ತದೆ! ನೆಂಟರು ಬಂದರೆ ಅದರ ಸುದ್ದಿ ಎತ್ತುವಂತಿಲ್ಲ. "ಅವಳು ಜಪಸರ ಬಿಟ್ಟಿದ್ದಾಳೆ, ಅದಕ್ಕೇ ಹೀಗೆ," "ಧ್ಯಾನಕೂಟಕ್ಕೆ ಕರೆದುಕೊಂಡು ಹೋಗಿ," "ವಿಶ್ವಾಸ ಗಟ್ಟಿಯಾಗಿದ್ದವರಿಗೆ ಇಂಥದ್ದೆಲ್ಲ ಬರುವುದಿಲ್ಲ" ಎಂಬ ಮಾತುಗಳು ಅಡಿಗೆಮನೆಯಿಂದ ಅಂಗಳದವರೆಗೆ ಓಡಾಡುತ್ತವೆ.

ಧರ್ಮಕೇಂದ್ರದ ಗುರುಗಳಾದ ನಮ್ಮ ಬಳಿ ಜನರು ಈ ಪ್ರಶ್ನೆಯನ್ನು ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ಫಾದರ್, ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುವುದು ತಪ್ಪೇ? ಪ್ರಾರ್ಥನೆ ಸಾಲದೇ?" ಕೆಲವರು ಕೇಳುವುದೂ ಇಲ್ಲ. ಧ್ಯಾನಕೂಟ ಮುಗಿಸಿ ಬಂದವರೇ ಔಷಧದ ಚೀಟಿಯನ್ನು ಹರಿದು ಹಾಕುತ್ತಾರೆ. ನಾಲ್ಕಾರು ವಾರ ಎಲ್ಲ ಚೆನ್ನಾಗಿರುತ್ತದೆ. ಸಾಕ್ಷ್ಯವನ್ನೂ ಹೇಳುತ್ತಾರೆ. ಆಮೇಲೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳಿದಾಗ, ಕಾಯಿಲೆಯ ನೋವಿನ ಜೊತೆಗೆ "ದೇವರು ನನ್ನನ್ನು ಕೈಬಿಟ್ಟ" ಎಂಬ ಇನ್ನೊಂದು ನೋವೂ ಸೇರಿಕೊಳ್ಳುತ್ತದೆ. ಈ ಎರಡನೆಯ ನೋವು ದೇವರು ಕೊಟ್ಟದ್ದಲ್ಲ. ನಾವು ಕೊಟ್ಟದ್ದು.

ಇದರ ಬೇರು ಎಲ್ಲಿದೆ? ನಮ್ಮಲ್ಲಿ ಕರುಣೆ ಕಡಿಮೆಯೆಂದು ನಾನು ಹೇಳಲಾರೆ. ಬೇರು ಇರುವುದು ಒಂದು ತಪ್ಪು ತಿಳುವಳಿಕೆಯಲ್ಲಿ. ದೇಹ ಒಂದು ಬಾಡಿಗೆ ಮನೆ, ಮನಸ್ಸು ಅಥವಾ ಆತ್ಮ ಅದರೊಳಗಿನ ಬಾಡಿಗೆದಾರ ಎಂದು ನಾವು ನಮಗೇ ಗೊತ್ತಿಲ್ಲದಂತೆ ನಂಬಿಕೊಂಡಿದ್ದೇವೆ. ಮನೆಯ ಹೆಂಚು ಒಡೆದರೆ ಅದು ವೈದ್ಯರ ಕೆಲಸ. ಒಳಗಿರುವವನು ಅತ್ತರೆ ಅದು ಗುರುಗಳ ಕೆಲಸ! ಹೀಗೆ ಮನುಷ್ಯನನ್ನು ಎರಡು ಪಾಲು ಮಾಡಿ ಹಂಚಿಬಿಟ್ಟಿದ್ದೇವೆ.

ಈ ಯೋಚನೆ ಕ್ರೈಸ್ತ ವಿಶ್ವಾಸದಿಂದ ಬಂದದ್ದಲ್ಲ. ಪ್ರಾಚೀನ ಗ್ರೀಸ್ ದೇಶದ ತತ್ವಜ್ಞಾನಿ ಪ್ಲೇಟೋವಿನ ಬರಹಗಳಲ್ಲಿ ದೇಹವನ್ನು ಆತ್ಮದ ಸಮಾಧಿಯೆಂದು ಕಾಣುವ ಮಾತು ಬರುತ್ತದೆ. ನಮ್ಮ ನಾಡಿನಲ್ಲೂ ದೇಹವನ್ನು ಕಳಚಿಡುವ ಬಟ್ಟೆಗೆ ಹೋಲಿಸುವ ಮಾತನ್ನು ನಾವು ಕೇಳುತ್ತಾ ಬೆಳೆದಿದ್ದೇವೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ರೆನೆ ಡೆಕಾರ್ಟ್ ಎಂಬ ತತ್ವಜ್ಞಾನಿ ಮನಸ್ಸು ಬೇರೆ ವಸ್ತು, ದೇಹ ಬೇರೆ ವಸ್ತು ಎಂದು ಗೆರೆ ಎಳೆದ. ಅವನಿಗೆ 1643ರಲ್ಲಿ ಬೊಹೆಮಿಯಾದ ರಾಜಕುಮಾರಿ ಎಲಿಜಬೆತ್ ಒಂದು ಕಾಗದ ಬರೆದಳು. ತೂಕವಿಲ್ಲದ, ಆಕಾರವಿಲ್ಲದ ಆತ್ಮವು ಮಾಂಸದ ಈ ದೇಹವನ್ನು ಅಲುಗಾಡಿಸುವುದಾದರೂ ಹೇಗೆ ಎಂಬುದು ಆಕೆಯ ಪ್ರಶ್ನೆ. ಡೆಕಾರ್ಟ್ ಮಿದುಳಿನ ನಡುವೆ ಇರುವ ಪುಟ್ಟ ಗ್ರಂಥಿಯೊಂದನ್ನು ತೋರಿಸಿ, ಆತ್ಮವೂ ದೇಹವೂ ಸಂಧಿಸುವುದು ಅಲ್ಲೇ ಎಂದ. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದಿದವರಿಗೆಲ್ಲ ಈ ಕಥೆ ಗೊತ್ತು. ರಾಜಕುಮಾರಿಯ ಪ್ರಶ್ನೆಯೇ ಡೆಕಾರ್ಟನ ಉತ್ತರಕ್ಕಿಂತ ಗಟ್ಟಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಪವಿತ್ರ ಗ್ರಂಥ ಬೇರೆ ದಾರಿ ಹಿಡಿಯುತ್ತದೆ. ಆದಿಕಾಂಡದ ಎರಡನೆಯ ಅಧ್ಯಾಯವನ್ನು ತೆಗೆದು ನೋಡಿ. ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ, ಮೂಗಿನಲ್ಲಿ ಜೀವಶ್ವಾಸ ಊದುತ್ತಾರೆ. ಆಗ ಮನುಷ್ಯನಿಗೆ ಒಂದು ಆತ್ಮ 'ಸಿಕ್ಕಿತು' ಎಂದು ಅಲ್ಲಿ ಬರೆದಿಲ್ಲ. ಮನುಷ್ಯನೇ ಜೀವಾತ್ಮ 'ಆದನು' ಎಂದಿದೆ. ಅಲ್ಲಿ ಬಳಸಿರುವ ಹೀಬ್ರೂ ಪದ 'ನೆಫೆಶ್'. ಅದೇ ಪದಕ್ಕೆ ಗಂಟಲು ಎಂಬ ಅರ್ಥವೂ ಉಂಟು! ಬಾಯಾರುವ, ಉಸಿರಾಡುವ, ಹಾಡುವ ಗಂಟಲು. ಹೀಬ್ರೂ ಜನರ ಪಾಲಿಗೆ ಆತ್ಮವೆಂದರೆ ಎಲ್ಲೋ ತೇಲುವ ಹೊಗೆಯಲ್ಲ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದನ್ನೇ ತತ್ವಶಾಸ್ತ್ರದ ಭಾಷೆಯಲ್ಲಿ ಹೇಳಿದರು. ಆತ್ಮವು ದೇಹಕ್ಕೆ ರೂಪ ಕೊಡುವ ತತ್ವ. ಅದು ದೇಹದೊಳಗೆ ಕೂತ ಇನ್ನೊಂದು ವಸ್ತುವಲ್ಲ. ಪೀಠದ ಮೇಲಿನ ಮೇಣದ ಬತ್ತಿಯನ್ನು ನೋಡಿ, ಮೇಣವನ್ನೂ ಅದರ ಆಕಾರವನ್ನೂ ಬೇರೆ ಬೇರೆ ಕೈಯಲ್ಲಿ ಹಿಡಿಯಲು ನಿಮಗೆ ಸಾಧ್ಯವೇ? ಈ ಮೇಣದ ಹೋಲಿಕೆ ಅರಿಸ್ಟಾಟಲನದು. ಅದು ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಮರಣದ ನಂತರವೂ ಆತ್ಮ ಉಳಿಯುತ್ತದೆ ಎಂದು ನಾವು ನಂಬುತ್ತೇವೆ. ಆದರೂ ಸಂತ ಥಾಮಸರು ಇನ್ನೊಂದು ಮಾತು ಸೇರಿಸಿದರು: ಹಾಗೆ ಉಳಿಯುವ ಆತ್ಮವೊಂದೇ 'ನಾನು' ಅಲ್ಲ. ನಾನು ಪೂರ್ತಿ ನಾನಾಗಲು ದೇಹದ ಪುನರುತ್ಥಾನವಾಗಬೇಕು. ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ನಾವು ಒಪ್ಪಿಕೊಳ್ಳುವುದೂ ಇದನ್ನೇ ಅಲ್ಲವೇ? ಆತ್ಮವೇ ದೇಹದ ರೂಪ ಎಂಬುದನ್ನು ಫ್ರಾನ್ಸಿನ ವಿಯೆನ್‌ನಲ್ಲಿ 1311-12ರಲ್ಲಿ ನಡೆದ ಮಹಾಸಭೆ ಧರ್ಮಸಭೆಯ ಬೋಧನೆಯಾಗಿ ಘೋಷಿಸಿತು. ದೇಹ ಮತ್ತು ಆತ್ಮ ಕೂಡಿದ ಮನುಷ್ಯ ಒಬ್ಬನೇ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮತ್ತೆ ಕಲಿಸಿತು.

ಇದರಿಂದ ನಮ್ಮ ಸೊಸೆಗೆ ಏನು ಲಾಭ ಎನ್ನುತ್ತೀರಾ? ಬಹಳ ಇದೆ. ನಾನು ಒಬ್ಬನೇ ಆಗಿದ್ದರೆ, ನನ್ನ ದೇಹಕ್ಕೆ ಆದದ್ದು ನನ್ನ ಮನಸ್ಸಿಗೂ ಆಗುತ್ತದೆ, ಮನಸ್ಸಿಗೆ ಆದದ್ದು ದೇಹಕ್ಕೂ ಆಗುತ್ತದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ ಮನುಷ್ಯ ಮಂಕಾಗುತ್ತಾನೆ, ಬೇಸರಪಡುತ್ತಾನೆ. ಬಿ-12 ಜೀವಸತ್ವ ಕಡಿಮೆಯಾದರೆ ನೆನಪು ಕುಂದಬಹುದು. ವಯಸ್ಸಾದ ಅಜ್ಜಿಯೊಬ್ಬರು ಇದ್ದಕ್ಕಿದ್ದಂತೆ ಮನೆಯವರ ಗುರುತು ಹಿಡಿಯದೆ, ಇಲ್ಲದವರ ಜೊತೆ ಮಾತಾಡತೊಡಗಿದರೆ ನಮ್ಮಲ್ಲಿ ಮೊದಲು ಬರುವ ಮಾತು "ಏನೋ ಗಾಳಿ ಸೋಕಿದೆ" ಎಂದು. ರಕ್ತದಲ್ಲಿ ಸೋಡಿಯಂ ಇಳಿದರೂ ಹೀಗಾಗುತ್ತದೆ. ಮೂತ್ರದ ಸೋಂಕು ತಗುಲಿದರೂ ವೃದ್ಧರಲ್ಲಿ ಹೀಗಾಗುತ್ತದೆ. ಒಂದು ರಕ್ತಪರೀಕ್ಷೆ, ಒಂದು ಮೂತ್ರಪರೀಕ್ಷೆ ಮಾಡಿಸುವ ಮುನ್ನ ಮಂತ್ರವಾದಿಯ ಮನೆಗೆ ಓಡುವವರು ನಮ್ಮ ಕಥೋಲಿಕ ಕುಟುಂಬಗಳಲ್ಲೂ ಇದ್ದಾರೆ ಎಂಬುದು ನಾಚಿಕೆಯ ಸಂಗತಿ.

ಇನ್ನು ಮನಸ್ಸಿನಿಂದ ದೇಹದ ಕಡೆಗೆ ನೋಡೋಣ. ಪ್ರೀತಿಯ ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿಗೆ ಎದೆ ನೋವು ಬಂದು ಆಸ್ಪತ್ರೆ ಸೇರುವುದುಂಟು. ಪರೀಕ್ಷಿಸಿದರೆ ಹೃದಯದ ರಕ್ತನಾಳಗಳಲ್ಲಿ ತಡೆಯೇ ಇರುವುದಿಲ್ಲ. ಆದರೂ ಹೃದಯದ ಒಂದು ಭಾಗ ಬಲೂನಿನಂತೆ ಉಬ್ಬಿಕೊಂಡಿರುತ್ತದೆ. 1990ರಲ್ಲಿ ಜಪಾನಿನ ವೈದ್ಯರು ಇದನ್ನು ವಿವರಿಸಿ 'ಟಾಕೋಟ್ಸುಬೊ' ಎಂದು ಹೆಸರಿಟ್ಟರು. ಅದು ಅಲ್ಲಿಯ ಮೀನುಗಾರರು ಅಷ್ಟಪದಿಯನ್ನು ಹಿಡಿಯುವ ಗಡಿಗೆಯ ಹೆಸರು. ಉಬ್ಬಿದ ಹೃದಯ ಹಾಗೆಯೇ ಕಾಣುತ್ತದಂತೆ. 'ಎದೆ ಒಡೆಯಿತು' ಎಂದು ನಮ್ಮ ಅಜ್ಜಿಯಂದಿರು ಸುಮ್ಮನೆ ಹೇಳುತ್ತಿರಲಿಲ್ಲ. (ಎಲ್ಲದಕ್ಕೂ ಮನಸ್ಸನ್ನೇ ದೂರಬೇಡಿ. ಹೊಟ್ಟೆಹುಣ್ಣು ಚಿಂತೆಯಿಂದಲೇ ಬರುತ್ತದೆಂದು ಬಹಳ ಕಾಲ ಹೇಳುತ್ತಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವೈದ್ಯರು ಹೆಚ್ಚಿನ ಹುಣ್ಣುಗಳ ಹಿಂದಿರುವ ಬ್ಯಾಕ್ಟೀರಿಯಾವನ್ನು ಗುರುತಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಅಷ್ಟು ವರ್ಷ ಎಷ್ಟು ಜನ ಹೊಟ್ಟೆನೋವಿನ ಜೊತೆಗೆ "ಚಿಂತೆ ಬಿಡು" ಎಂಬ ಉಪದೇಶವನ್ನೂ ನುಂಗಿದರೋ!)

ಎಲೀಯ ಪ್ರವಾದಿಯನ್ನು ನೆನೆಯಿರಿ. ಅರಸರ ಮೊದಲನೆಯ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯ. ಕಾರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಮಹಾಪುರುಷ, ರಾಣಿಯ ಒಂದು ಬೆದರಿಕೆಗೆ ಹೆದರಿ ಓಡಿಹೋಗುತ್ತಾನೆ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಸಿದು ಕೂತು, ಸಾವೇ ಬರಲಿ ಎಂದು ದೇವರನ್ನು ಬೇಡಿಕೊಳ್ಳುತ್ತಾನೆ. ಅವನ ವಿಶ್ವಾಸಕ್ಕೆ ಏನು ಕಡಿಮೆ ಇತ್ತು? ದೇವದೂತ ಬಂದವನು ಬೈದನೇ? "ನಿನ್ನೆ ಅಷ್ಟು ದೊಡ್ಡ ಅದ್ಭುತ ಕಂಡವನು ಇವತ್ತು ಹೀಗೆಯೇ?" ಎಂದನೇ? ಇಲ್ಲ. ಅವನನ್ನು ಮುಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು, ಕುಡಿದು, ಮತ್ತೆ ಮಲಗಿಬಿಟ್ಟ. ದೂತ ಮಲಗಲು ಬಿಟ್ಟ. ಎರಡನೆಯ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ. ನಲವತ್ತು ದಿನದ ನಡಿಗೆ, ಹೋರೇಬ್ ಬೆಟ್ಟ, ದೇವರ ದರ್ಶನ, ಹೊಸ ಜವಾಬ್ದಾರಿ ಎಲ್ಲವೂ ಆಮೇಲೆ. ಮೊದಲು ರೊಟ್ಟಿ, ನೀರು, ನಿದ್ದೆ. ಸಂತ ಥಾಮಸ್ ಅಕ್ವಿನಾಸರೂ ತಮ್ಮ ದೊಡ್ಡ ದೈವಶಾಸ್ತ್ರ ಗ್ರಂಥದಲ್ಲಿ ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ, ಅಳುವುದು, ಸ್ನೇಹಿತರ ಸಾಂತ್ವನ, ಸತ್ಯದ ಧ್ಯಾನ ಇವುಗಳ ಜೊತೆಗೆ ನಿದ್ದೆಯನ್ನೂ ಸ್ನಾನವನ್ನೂ ಸೇರಿಸಿದ್ದಾರೆ. ಅಷ್ಟು ದೊಡ್ಡ ಪಂಡಿತರು ಸ್ನಾನದ ಮಾತಾಡಿದ್ದನ್ನು ಕಂಡು ಮೊದಲ ಸಲ ಓದುವವರು ನಗುತ್ತಾರೆ. ಬಾಣಂತಿಗೆ ಎರೆಯುವ ನಮ್ಮ ತಾಯಂದಿರು ನಗಲಾರರು.

ಇನ್ನೂ ಆಳದ ಮಾತೊಂದಿದೆ. ನಾಲ್ಕನೆಯ ಶತಮಾನದಲ್ಲಿ ಅಪೊಲ್ಲಿನಾರಿಸ್ ಎಂಬ ಧರ್ಮಾಧ್ಯಕ್ಷ ಯೇಸು ಕ್ರಿಸ್ತರಿಗೆ ಮನುಷ್ಯ ದೇಹವಿತ್ತು, ಆದರೆ ಮನುಷ್ಯ ಮನಸ್ಸು ಇರಲಿಲ್ಲ, ಅದರ ಜಾಗದಲ್ಲಿ ದೇವರ ವಾಕ್ಯವೇ ಇತ್ತು ಎಂದು ಬೋಧಿಸಿದ. ಯೇಸುವಿಗೆ ಗೌರವ ಕೊಡಲೆಂದೇ ಆತ ಹಾಗೆ ಹೇಳಿರಬೇಕು. ಧರ್ಮಸಭೆ ಒಪ್ಪಲಿಲ್ಲ. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಆ ಬೋಧನೆಯನ್ನು ತಳ್ಳಿಹಾಕಿತು. ಕಾರಣವನ್ನು ನಾಝಿಯಾನ್ಸದ ಸಂತ ಗ್ರೆಗೊರಿಯವರು ವಿವರಿಸಿದರು: ಕ್ರಿಸ್ತರು ನಮ್ಮಲ್ಲಿ ಯಾವುದನ್ನು ತಮ್ಮದಾಗಿಸಿಕೊಳ್ಳಲಿಲ್ಲವೋ ಅದು ಗುಣವಾಗದೆ ಉಳಿಯುತ್ತದೆ. ಮನುಷ್ಯನ ಮನಸ್ಸನ್ನು ಅವರು ಧರಿಸದಿದ್ದರೆ ನಮ್ಮ ಮನಸ್ಸಿಗೆ ಬಿಡುಗಡೆ ಎಲ್ಲಿಂದ? ಆದ್ದರಿಂದ ಗೆತ್ಸೆಮನೆ ತೋಟದಲ್ಲಿ ನಡುಗಿದ್ದು ನಟನೆಯಲ್ಲ. ಅಂದು ಪ್ರಭುವಿನ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು ಎಂದು ಬರೆದವರು ಲೂಕರು. ಪೌಲರು ಅವರನ್ನು ವೈದ್ಯರೆಂದು ಕರೆಯುತ್ತಾರೆ. ಮನಸ್ಸಿನ ಸಂಕಟ ಮೈಯಲ್ಲಿ ಇಳಿದದ್ದನ್ನು ದಾಖಲಿಸಲು ಆ ವೈದ್ಯರು ಹಿಂಜರಿಯಲಿಲ್ಲ. ಪಾಪವಿಲ್ಲದ ಪ್ರಭುವೇ ಮರಣದಷ್ಟು ದುಃಖ ಅನುಭವಿಸಿದ್ದರೆ, ದುಃಖವೇ ಪಾಪವೆಂದು ನಮ್ಮ ಮನೆಯ ಹುಡುಗಿಗೆ ಹೇಳಲು ನಾವು ಯಾರು?

"ಹಾಗಾದರೆ ಫಾದರ್, ಎಲ್ಲವೂ ಮಿದುಳಿನ ರಸಾಯನವೇ? ಪಾಪ, ಪುಣ್ಯ, ಪ್ರಾರ್ಥನೆ ಇವಕ್ಕೆಲ್ಲ ಬೆಲೆ ಇಲ್ಲವೇ?" ಎಂದು ಓದಿದ ಯುವಕರು ಕೇಳಬಹುದು. ಹಾಗಲ್ಲ. ಮನುಷ್ಯನನ್ನು ಬರೀ ಆತ್ಮ ಮಾಡುವುದು ಒಂದು ತಪ್ಪಾದರೆ, ಬರೀ ಮಾಂಸ ಮಾಡುವುದು ಇನ್ನೊಂದು ತಪ್ಪು. ಪಾಲು ಹಂಚುವಾಗ ತಮ್ಮನಿಗೆ ಮೋಸ ಮಾಡಿದವನಿಗೆ ರಾತ್ರಿ ನಿದ್ದೆ ಬಾರದಿದ್ದರೆ ಅವನಿಗೆ ಬೇಕಾದ್ದು ನಿದ್ದೆ ಮಾತ್ರೆಯಲ್ಲ. ಪಾಪನಿವೇದನೆ ಬೇಕು, ತಮ್ಮನ ಪಾಲು ಹಿಂತಿರುಗಿಸಬೇಕು. ಆದರೆ ಯಾರಿಗೂ ಕೇಡು ಮಾಡದ ತಾಯಿಯೊಬ್ಬಳು ತಿಂಗಳುಗಟ್ಟಲೆ ಊಟ ನಿದ್ದೆ ಬಿಟ್ಟು, "ನಾನು ಪಾಪಿ, ನನ್ನಿಂದ ಮನೆಗೆ ಶಾಪ" ಎಂದು ಹಲುಬುತ್ತಿದ್ದರೆ, ಕ್ಷಮೆ ಪಡೆದ ಪಾಪವನ್ನೇ ವಾರಕ್ಕೆ ಮೂರು ಸಲ ನಿವೇದಿಸಲು ಬರುತ್ತಿದ್ದರೆ, ಆ ಪಶ್ಚಾತ್ತಾಪ ಕಾಯಿಲೆಯ ಮುಖವಾಡ ತೊಟ್ಟಿದೆಯೋ ಎಂದು ನೋಡಬೇಕಾಗುತ್ತದೆ. ಅಂಥವರನ್ನು ವೈದ್ಯರ ಬಳಿಗೆ ಕಳಿಸುವ ಗುರು ತನ್ನ ಹೊಣೆ ಜಾರಿಸುತ್ತಿಲ್ಲ.

ದೆವ್ವ ಬಿಡಿಸುವ ವಿಷಯದಲ್ಲೂ ಧರ್ಮಸಭೆ ನಮಗಿಂತ ಎಚ್ಚರಿಕೆಯಿಂದಿದೆ. ಧರ್ಮಸಭೆಯ ಕಾನೂನು ಸಂಹಿತೆಯ 1172ನೇ ನಿಯಮದ ಪ್ರಕಾರ ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ಪಿಶಾಚಪೀಡಿತರ ಮೇಲೆ ಭೂತೋಚ್ಚಾಟನೆ ಮಾಡುವಂತಿಲ್ಲ. ಅದಕ್ಕೂ ಮುಂಚೆ ಇದು ಕಾಯಿಲೆಯಲ್ಲ ಎಂದು ಖಚಿತಪಡಿಸಿಕೊಳ್ಳಬೇಕೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಆದ್ದರಿಂದ ಯಾರೋ ಊರಿಗೆ ಬಂದು ತಲೆಯ ಮೇಲೆ ಕೈಯಿಟ್ಟು "ಔಷಧ ನಿಲ್ಲಿಸು" ಎಂದರೆ ನಿಲ್ಲಿಸಬೇಡಿ. ಈ ಔಷಧಗಳಲ್ಲಿ ಅನೇಕವು ಕೆಲಸ ಮಾಡಲು ಕೆಲವು ವಾರಗಳೇ ಬೇಕು. ಒಮ್ಮೆಲೇ ಬಿಟ್ಟರೆ ಅಪಾಯವೂ ಉಂಟು. ಕಡಿಮೆ ಮಾಡುವುದಾದರೆ ವೈದ್ಯರೇ ಮಾಡಲಿ. ಬದುಕೇ ಬೇಡವೆನಿಸಿದವರು, ಅಥವಾ ಅಂಥವರ ಮನೆಯವರು, ಯಾವ ಹೊತ್ತಿನಲ್ಲಾದರೂ 14416 ಎಂಬ ಸರ್ಕಾರಿ ದೂರವಾಣಿಗೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಟೆಲಿ-ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಗುರುಗಳ ಮನೆಯ ಬಾಗಿಲೂ ತಟ್ಟಿ. ಎರಡೂ ಮಾಡಿ.

ಮನೆಯವರೊಬ್ಬರು ತಮ್ಮ ಜೀವ ತಾವೇ ತೆಗೆದುಕೊಂಡಿರುವ ಕುಟುಂಬಗಳೂ ಈ ಪುಟವನ್ನು ಓದುತ್ತಿರಬಹುದು. ನಿಮಗೂ ಒಂದು ಮಾತು. ಅಂಥವರಿಗೆ ಧರ್ಮಸಭೆಯ ಶವಸಂಸ್ಕಾರ ನಿರಾಕರಿಸುವ ನಿಯಮ 1917ರ ಹಳೆಯ ಸಂಹಿತೆಯಲ್ಲಿತ್ತು. 1983ರ ಹೊಸ ಸಂಹಿತೆಯ ಪಟ್ಟಿಯಲ್ಲಿ ಅವರ ಹೆಸರಿಲ್ಲ. ತೀವ್ರ ಮಾನಸಿಕ ಕಾಯಿಲೆಯು ವ್ಯಕ್ತಿಯ ಹೊಣೆಗಾರಿಕೆಯನ್ನು ಕುಗ್ಗಿಸುತ್ತದೆ ಎಂದು ಧರ್ಮೋಪದೇಶ ಗ್ರಂಥ ಒಪ್ಪುತ್ತದೆ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬೇಡಿ ಎನ್ನುತ್ತದೆ. ಅವರ ಹೆಸರಿನಲ್ಲಿ ಬಲಿಪೂಜೆ ಹೇಳಿಸಲು ಅಂಜಬೇಡಿ.

ಮನಸ್ಸಿನ ಕಾಯಿಲೆಯಿಂದ ಕುಟುಂಬಕ್ಕೆ ಕಳಂಕ ಎನ್ನುವವರಿಗೆ ಒಬ್ಬ ಸಂತರ ಪರಿಚಯ ಮಾಡಿಸುತ್ತೇನೆ. ಅಕ್ಟೋಬರ್ 1ರಂದು ನಾವು ಹಬ್ಬ ಆಚರಿಸುವ ಬಾಲಯೇಸುವಿನ ಸಂತ ತೆರೇಸಮ್ಮನವರ ತಂದೆ ಲೂಯಿ ಮಾರ್ಟಿನ್. ಗಡಿಯಾರ ರಿಪೇರಿ ಮಾಡುವ ಕಸುಬಿನವರು. ಹೆಂಡತಿ 1877ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಐದು ಹೆಣ್ಣುಮಕ್ಕಳನ್ನು ಸಾಕಿದರು. ವಯಸ್ಸಾದಂತೆ ಮಿದುಳಿನ ರಕ್ತನಾಳಗಳ ಕಾಯಿಲೆಯಿಂದ ನೆನಪು ತಪ್ಪತೊಡಗಿತು, ಇಲ್ಲದ್ದು ಕಾಣತೊಡಗಿತು. 1888ರಲ್ಲಿ ಒಮ್ಮೆ ಮನೆಯವರಿಗೆ ಹೇಳದೆ ಹೊರಟುಹೋದರು. ಕೆಲವು ದಿನಗಳ ನಂತರ ದೂರದ ಬಂದರು ಪಟ್ಟಣದಲ್ಲಿ ಸಿಕ್ಕಿದರು. 1889ರ ಫೆಬ್ರವರಿಯಲ್ಲಿ ಅವರನ್ನು ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಊರಿನವರು ಸುಮ್ಮನಿದ್ದರೇ? ಮುದ್ದಿನ ಮಗಳು ಮಠ ಸೇರಿದ್ದೇ ತಂದೆಯ ತಲೆ ಕೆಡಲು ಕಾರಣ ಎಂದು ಆಡಿಕೊಂಡರು. ಆಗ ತೆರೇಸಮ್ಮನಿಗೆ ಹದಿನಾರು ವರ್ಷ. ಮಠದ ಗೋಡೆಯ ಒಳಗೆ ಕೂತು ಆಕೆ ಇದನ್ನೆಲ್ಲ ಸಹಿಸಬೇಕಾಯಿತು. 1892ರಲ್ಲಿ ನಡೆಯಲಾರದ ಸ್ಥಿತಿಯಲ್ಲಿ ಮನೆಗೆ ಬಂದ ತಂದೆಯನ್ನು ಸೆಲೀನ್ ಎಂಬ ಮಗಳು ನೋಡಿಕೊಂಡಳು. 1894ರಲ್ಲಿ ಅವರು ತೀರಿಕೊಂಡರು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಲೂಯಿ ಮತ್ತು ಅವರ ಪತ್ನಿ ಝೆಲಿ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು. ಮಾನಸಿಕ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದವರ ಹೆಸರು ಇಂದು ಸಂತರ ಪಟ್ಟಿಯಲ್ಲಿದೆ. ನಾಳೆ ಸೊಸೆಯ ಮಾತ್ರೆಯನ್ನು ಅಕ್ಕಿ ಡಬ್ಬದ ಹಿಂದಿನಿಂದ ತೆಗೆದು ಅಜ್ಜನ ಮಾತ್ರೆಯ ಪಕ್ಕದಲ್ಲೇ ಇಡಿ.

ಲೂಯಿಯವರಂತೆ ನೆನಪು ಕಳೆದುಕೊಂಡ ಹಿರಿಯರು ನಮ್ಮ ಧರ್ಮಕೇಂದ್ರಗಳಲ್ಲೂ ಬಹಳ ಇದ್ದಾರೆ. ಮಕ್ಕಳು ದಣಿದು ಹೋಗಿರುತ್ತಾರೆ. ಹಗಲೂ ರಾತ್ರಿ ಕಾಯುವವರ ದಣಿವು ನನಗೆ ಅರ್ಥವಾಗುತ್ತದೆ. ಆ ದಣಿವಿನಲ್ಲಿ, "ಅಪ್ಪ ಯಾವಾಗಲೋ ಹೋದರು ಫಾದರ್, ಇದು ಬರೀ ದೇಹ" ಎನ್ನುತ್ತಾರೆ. ಮೇಲೆ ಹೇಳಿದ ಬಾಡಿಗೆದಾರನ ಕಥೆ ನಿಜವಾಗಿದ್ದರೆ ಈ ಮಾತೂ ನಿಜವಾಗುತ್ತಿತ್ತು. ನಮ್ಮ ವಿಶ್ವಾಸದ ಪ್ರಕಾರ ಇದು ನಿಜವಲ್ಲ. ಆ ದೇಹಕ್ಕೆ ಜೀವ ಕೊಡುತ್ತಿರುವುದೇ ಅಪ್ಪನ ಆತ್ಮ. ಉಸಿರು ಇರುವವರೆಗೆ ಅಲ್ಲಿರುವುದು ಅಪ್ಪನೇ, ಪೂರ್ತಿ ಅಪ್ಪನೇ. ಮಿದುಳಿಗೆ ಪೆಟ್ಟು ಬಿದ್ದಾಗ ಮನುಷ್ಯ ತನಗೆ ಗೊತ್ತಿದ್ದನ್ನೂ ಬಳಸಲಾರ ಎಂಬುದನ್ನು ಸಂತ ಥಾಮಸರು ಆ ಕಾಲದಲ್ಲೇ ಗಮನಿಸಿದ್ದರು. ಹಾಗೆಂದು ಅಲ್ಲಿ ಆತ್ಮವಿಲ್ಲ ಎಂದು ಅವರು ಹೇಳಲಿಲ್ಲ.

ಅಂಥ ಹಿರಿಯರಿಗೆ ವ್ಯಾಧಿಸ್ಥರ ಅಭ್ಯಂಗ ಕೊಡಬಹುದೇ ಎಂದು ಕೆಲವರು ಅನುಮಾನಿಸುತ್ತಾರೆ. ಕೊಡಬಹುದು. ಬುದ್ಧಿ ಸ್ವಾಧೀನದಲ್ಲಿದ್ದಾಗ ವಿಶ್ವಾಸಿಯಾಗಿ ಬಾಳಿ, ಈ ಸಂಸ್ಕಾರವನ್ನು ಬಯಸಿರಬಹುದಾದವರಿಗೆ ಅದನ್ನು ನೀಡಬೇಕೆಂದೇ ಸಂಹಿತೆಯ 1006ನೇ ನಿಯಮ ಹೇಳುತ್ತದೆ. ಫೆಬ್ರವರಿ 11ರ ವಿಶ್ವ ರೋಗಿಗಳ ದಿನಕ್ಕಾಗಿ ಕಾಯಬೇಡಿ, ಗುರುಗಳಿಗೆ ಈ ವಾರವೇ ತಿಳಿಸಿ. ಎಣ್ಣೆ ಹಚ್ಚುವುದು ಹಣೆಗೆ ಮತ್ತು ಕೈಗಳಿಗೆ. ಬಂದಾಗ ಮನೆಯವರೆಲ್ಲ ಮಂಚದ ಸುತ್ತ ನಿಂತು ಹಳೆಯ ಪ್ರಾರ್ಥನೆಗಳನ್ನೇ ನಿಧಾನವಾಗಿ ಹೇಳಿ, ಅವರು ಚಿಕ್ಕಂದಿನಲ್ಲಿ ಕಲಿತ ಹಾಡನ್ನೇ ಹಾಡಿ. ಮಗಳ ಹೆಸರು ಮರೆತವರ ಬಾಯಲ್ಲೂ 'ನಮೋ ಮರಿಯಾ' ಕೊನೆಯವರೆಗೆ ಉಳಿದಿರುವುದುಂಟು. ಕೈಯ ರೂಢಿಗಳನ್ನೂ ಬಾಯಿಪಾಠವನ್ನೂ ಹಿಡಿದಿಡುವ ಮಿದುಳಿನ ಭಾಗಗಳನ್ನು ಈ ಕಾಯಿಲೆ ಹೆಚ್ಚಾಗಿ ತಡವಾಗಿ ಮುಟ್ಟುತ್ತದೆ. ಆದ್ದರಿಂದ ಗುರುಗಳು ಶಿಲುಬೆಯ ಗುರುತು ಹಾಕುವಾಗ ಹಿರಿಯರ ಬಲಗೈಯನ್ನು ಕಂಬಳಿಯ ಒಳಗೆ ಮುಚ್ಚಿಡಬೇಡಿ. ಹೊರಗೆ ಬಿಡಿ. ಅನೇಕ ಸಲ ಅದು ತಾನಾಗಿಯೇ ಹಣೆಯ ಕಡೆಗೆ ಏಳುತ್ತದೆ.